ಆಟದೊಳಗಿನ ನಂಬಿಕೆ

ನಂಬಿಕೆ ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಕತೆ ಕೇಳುವಾಗ ‘ಹೌದು, ಹೀಗೂ ಆಗಬಹುದು’ ಅಂತ ಒಪ್ಪಿಕೊಳ್ಳುವುದು ಒಂದು. ದೇವರ ಮೇಲೆ ಇಡುವುದು ಇನ್ನೊಂದು. ವಿಡಿಯೋ ಗೇಮ್ ಮಾಡುವವರು ಮೊದಲನೆಯದನ್ನು ಚೆನ್ನಾಗಿ ಬಲ್ಲರು, ಎಡವುವುದು ಎರಡನೆಯದರಲ್ಲಿ.

2007ರ ‘ಅಸಾಸಿನ್ಸ್ ಕ್ರೀಡ್’ ನೋಡಿ. 1191ರ ಜೆರುಸಲೇಮ್, ಡಮಾಸ್ಕಸ್‌ಗಳಲ್ಲಿ ನಡೆಯುವ ಆಟ. ನಾಯಕ ಎತ್ತರದ ಗೋಪುರದಿಂದ ಹುಲ್ಲಿನ ರಾಶಿಗೆ ಧುಮುಕಿ, ಏನೂ ಆಗದವನಂತೆ ಎದ್ದು ಹೋಗುತ್ತಾನೆ. ನಿಜ ಜೀವನದಲ್ಲಿ ಇದು ಸಾಧ್ಯವೇ ಇಲ್ಲ. ಆದರೂ ನಾವು ಒಪ್ಪುತ್ತೇವೆ, ಯಾಕೆಂದರೆ ಅದು ಆ ಆಟದ ನಿಯಮ. ಪ್ರತಿಸಲವೂ ಹಾಗೇ ನಡೆಯುತ್ತದೆ.

ಈಗ 2009ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ಕ್ಕೆ ಬನ್ನಿ. ಅದರಲ್ಲಿ ಬಂದೂಕುಗಳು ಥೇಟ್ ನಿಜದಂತಿವೆ. ಆದರೆ ಕರಾಚಿಯ ಬೀದಿಯ ಬೋರ್ಡುಗಳಲ್ಲಿ ಉರ್ದು ಬದಲು ಅರಬಿ! ಅದೇ ಆಟದ ಇನ್ನೊಂದು ಕಡೆ, ಬಚ್ಚಲುಮನೆಯಲ್ಲಿ ತೂಗುಹಾಕಿದ ಚಿತ್ರದ ಚೌಕಟ್ಟಿನ ಮೇಲೆ ಹದೀಸಿನ ಸಾಲು. 2012ರಲ್ಲಿ ಆಟಗಾರರು ಆಕ್ಷೇಪಿಸಿದ ಮೇಲೆ ಕಂಪನಿ ಆ ಭಾಗವನ್ನು ಹಿಂತೆಗೆದು ಸರಿಪಡಿಸಿತು. ಇಷ್ಟಾದರೂ 2021ರಲ್ಲಿ, ಅದೇ ಸರಣಿಯ ‘ವ್ಯಾನ್‌ಗಾರ್ಡ್’ನಲ್ಲಿ ಕುರ್‌ಆನ್ ಹಾಳೆಗಳು ನೆಲದ ಮೇಲೆ ಬಿದ್ದಿದ್ದವು. ಮತ್ತೆ ಕ್ಷಮೆ ಕೇಳಬೇಕಾಯಿತು.

ಹೀಗೇಕೆ ಆಗುತ್ತದೆ? ಆಟದ ಗೋಡೆ, ನೆಲ, ಸಾಮಾನುಗಳ ಮೇಲೆಲ್ಲ ಚಿತ್ರಗಳನ್ನು ಹೊದಿಸುತ್ತಾರೆ. ಇದಕ್ಕೆ ಟೆಕ್ಸ್‌ಚರ್ ಅಂತಾರೆ. ಓದಲು ಬಾರದವರ ಕಣ್ಣಿಗೆ ಅರಬಿ ಅಕ್ಷರ ಬರೀ ಚಿತ್ತಾರ. ಓದಬಲ್ಲವರಿಗೆ ಅದು ಮಾತು, ಕೆಲವೊಮ್ಮೆ ದೇವರ ಮಾತು. ಅಸಾಧ್ಯವಾದದ್ದನ್ನು ಆಟಗಾರ ಕ್ಷಮಿಸುತ್ತಾನೆ, ಅಸಡ್ಡೆಯನ್ನು ಕ್ಷಮಿಸುವುದಿಲ್ಲ.

ಬೇರೆ ದಾರಿಯೂ ಇದೆ. 2023ರ ‘ಅಸಾಸಿನ್ಸ್ ಕ್ರೀಡ್ ಮಿರಾಜ್’ ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ನಡೆಯುತ್ತದೆ. ಖಲೀಫ ಅಲ್-ಮನ್ಸೂರ್ 762ರಲ್ಲಿ ಕಟ್ಟಲು ಶುರುಮಾಡಿದ ಆ ದುಂಡು ನಗರ ಇಂದು ಉಳಿದಿಲ್ಲ. ಆಟದಲ್ಲಿ ಅದು ಮತ್ತೆ ಎದ್ದು ನಿಂತಿದೆ. ಅಲ್ಲಿ ಅಜಾನ್ ಕೇಳುತ್ತದೆ, ಜನ ಓದುತ್ತಾರೆ, ವ್ಯಾಪಾರ ಮಾಡುತ್ತಾರೆ. ಬೇಕಿದ್ದರೆ ಅರಬಿ ಸಂಭಾಷಣೆಯಲ್ಲೇ ಆಡಬಹುದು. ಕತೆ ಕಲ್ಪನೆಯದ್ದೇ, ನಾಯಕ ಗೋಪುರದಿಂದ ಧುಮುಕುವುದೂ ಇದೆ. ಆದರೆ ಇಲ್ಲಿ ಮುಸ್ಲಿಮರು ಗುಂಡಿಗೆ ಗುರಿಯಾಗಲೆಂದೇ ನಿಲ್ಲಿಸಿದ ಬೊಂಬೆಗಳಲ್ಲ, ಊರಿನ ಜನ.

ಈ ಆಟದ ಕಂಪನಿ ಯೂಬಿಸಾಫ್ಟ್‌ಗೆ ನಮ್ಮ ಪುಣೆ, ಮುಂಬೈಗಳಲ್ಲೂ ಸ್ಟುಡಿಯೋಗಳಿವೆ. ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಮಾತು: ತಪ್ಪು ಕಂಡಾಗ ದೂರುವುದು ಸರಿಯೇ, ಆದರೆ ಅಷ್ಟೇ ಸಾಲದು. ಚಿತ್ರಕಲೆ ಬಲ್ಲವರು, ಕೋಡಿಂಗ್ ಕಲಿತವರು, ಇತಿಹಾಸ ಓದಿದವರು ಆ ಕೆಲಸಕ್ಕೂ ಹೋಗಿ. ಗೋಡೆಯ ಮೇಲಿನ ಅಕ್ಷರವನ್ನು ಓದಬಲ್ಲವರೊಬ್ಬರು ಆಟ ತಯಾರಾಗುವ ಕೋಣೆಯಲ್ಲೇ ಇದ್ದರೆ, ಆಮೇಲೆ ಕ್ಷಮೆ ಕೇಳುವ ಪ್ರಮೇಯವೇ ಬರುವುದಿಲ್ಲ.