ಸೆಟ್ಟಿಂಗ್ ತಪ್ಪಿದರೆ ಹೊಣೆ ಯಾರದು?

2024ರ ಜುಲೈ 19ರ ಶುಕ್ರವಾರ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೆಲವು ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ಚೀಟಿಯ ಫೋಟೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅಂದು ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಲಸ ನಿಲ್ಲಿಸಿ ನೀಲಿ ಪರದೆ ತೋರಿಸಿದವು. ಅದು ವೈರಸ್ ದಾಳಿಯಾಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಪುಟ್ಟ ಕಾನ್ಫಿಗರೇಶನ್ ಫೈಲು ಅದಕ್ಕೆ ಕಾರಣ. ಫೈಲು 21ನೆಯ ಮಾಹಿತಿಯನ್ನು ಕೇಳಿತು, ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ ಕೊಡುತ್ತಿದ್ದದ್ದು 20 ಮಾತ್ರ. ಇಲ್ಲದ್ದನ್ನು ಓದಲು ಹೋಗಿ ಯಂತ್ರ ಬಿದ್ದಿತು. ಕಂಪನಿ 78 ನಿಮಿಷಗಳಲ್ಲಿ ಫೈಲನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಕಾನ್ಫಿಗರೇಶನ್ ಎಂದರೆ ಸರಳವಾಗಿ ಹೇಳುವುದಾದರೆ ಸೆಟ್ಟಿಂಗುಗಳು. ಒಂದೇ ಸಾಫ್ಟ್‌ವೇರನ್ನು ಬ್ಯಾಂಕೂ ಬಳಸುತ್ತದೆ, ಬಸ್ ಟಿಕೆಟ್ ಮಾರುವವರೂ ಬಳಸುತ್ತಾರೆ. ಎಷ್ಟು ಜನರನ್ನು ಒಮ್ಮೆಗೆ ಒಳಗೆ ಬಿಡಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಬ್ಯಾಕಪ್ ಎಲ್ಲಿಡಬೇಕು ಎಂಬುದನ್ನು ಆಯಾ ಜಾಗಕ್ಕೆ ತಕ್ಕಂತೆ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ನಾನು ಹದಿನಾಲ್ಕು ವರ್ಷಗಳಿಂದ ಹೈದರಾಬಾದಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನನ್ನ ದಿನದ ಅರ್ಧ ಭಾಗ ಇಂಥ ಫೈಲುಗಳ ಜೊತೆಗೇ ಕಳೆಯುತ್ತದೆ. ಈ ಸಣ್ಣ ವಿಷಯದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ದಶಕಗಳಿಂದ ಸಂಶೋಧನೆ ನಡೆಯುತ್ತಿದೆ ಎಂಬುದು ನಮ್ಮ ಆಫೀಸುಗಳಲ್ಲಿಯೇ ಹೆಚ್ಚಿನವರಿಗೆ ಗೊತ್ತಿಲ್ಲ.

ಜಿಮ್ ಗ್ರೇ ಎಂಬ ಕಂಪ್ಯೂಟರ್ ವಿಜ್ಞಾನಿ 1985ರಲ್ಲಿ ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂದು ಲೆಕ್ಕ ಹಾಕಿದರು. ಟ್ಯಾಂಡೆಮ್ ಕಂಪನಿಯ ಯಂತ್ರಗಳಲ್ಲಿ ಹಾರ್ಡ್‌ವೇರ್ ಕೆಟ್ಟು ನಿಂತದ್ದು ಶೇ. 18 ಮಾತ್ರ. ಶೇ. 42ರಷ್ಟು ನಿಂತದ್ದು ನಿರ್ವಹಣೆಯಲ್ಲಿ, ಅಂದರೆ ಸೆಟ್ಟಿಂಗ್, ರಿಪೇರಿ, ಆಪರೇಟರ್ ಕೆಲಸಗಳಲ್ಲಿ. 2003ರಲ್ಲಿ ಬರ್ಕಲಿಯ ಸಂಶೋಧಕರು ಮೂರು ದೊಡ್ಡ ಇಂಟರ್ನೆಟ್ ಸೇವೆಗಳನ್ನು ಅಭ್ಯಾಸ ಮಾಡಿದರು. ಎರಡರಲ್ಲಿ ಆಪರೇಟರ್ ತಪ್ಪೇ ಮೊದಲ ಕಾರಣವಾಗಿತ್ತು, ಅದರಲ್ಲೂ ಹೆಚ್ಚಿನವು ಕಾನ್ಫಿಗರೇಶನ್ ತಪ್ಪುಗಳು.

ಹಾಗಾದರೆ ತಪ್ಪು ಮನುಷ್ಯನದೇ ಎಂದು ತೀರ್ಮಾನಿಸುವುದು ಸುಲಭ. ನಮ್ಮ ಆಫೀಸುಗಳು ಮಾಡುವುದೂ ಅದನ್ನೇ. ಏನಾದರೂ ನಿಂತರೆ ಮರುದಿನ ಒಂದು ವರದಿ ತಯಾರಾಗುತ್ತದೆ. ಕಾರಣದ ಜಾಗದಲ್ಲಿ 'ಹ್ಯೂಮನ್ ಎರರ್' ಎಂದು ಬರೆದರೆ ಎಲ್ಲರೂ ನಿರಾಳ. ಆ ಹ್ಯೂಮನ್ ಹೆಚ್ಚಾಗಿ ರಾತ್ರಿ ಪಾಳಿಯಲ್ಲಿರುವ ಕಿರಿಯ.

ಹಿಂದೊಮ್ಮೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ರಾಯಚೂರು ಕಡೆಯ ಒಬ್ಬ ಹುಡುಗನಿಗೆ ಹೀಗೇ ಆಯಿತು. ಕಾಂಟ್ರಾಕ್ಟ್ ನೌಕರ, ಮನೆಗೆ ಹಿರಿಮಗ. ಸರ್ವರ್ ಎಷ್ಟು ಹೊತ್ತು ಕಾಯಬೇಕು ಎಂಬಲ್ಲಿ 30 ಎಂದು ಬರೆದಿದ್ದ. ಅದೇ ಫೈಲಿನಲ್ಲಿ ಮೇಲಿನ ಸಾಲಿನ ಲೆಕ್ಕ ಸೆಕೆಂಡಿನಲ್ಲಿತ್ತು, ಇದೂ ಹಾಗೇ ಎಂದುಕೊಂಡ. ಸಾಫ್ಟ್‌ವೇರ್ ಅದನ್ನು 30 ಮಿಲಿಸೆಕೆಂಡ್ ಎಂದು ತಿಳಿದು ಸುಮ್ಮನೆ ಒಪ್ಪಿಕೊಂಡಿತು. ಎರಡು ದಿನ ಏನೂ ಆಗಲಿಲ್ಲ. ತಿಂಗಳ ಕೊನೆಯ ಗದ್ದಲದಲ್ಲಿ ಎಲ್ಲವೂ ನಿಂತಿತು. "ಅಣ್ಣಾ, ನಾ ಬರದಿದ್ದು ಖರೇನ. ಆದ್ರ ಅದು ತಪ್ಪಂತ ಅದು ಒಮ್ಮೆರ ಹೇಳಬೇಕಿತ್ತಿಲ್ಲ?" ಎಂದ. ಅವನ ಕಾಂಟ್ರಾಕ್ಟನ್ನು ಮುಂದುವರಿಸಲಿಲ್ಲ.

ಅವನು ಕೇಳಿದ್ದು ಸಂಶೋಧಕರೂ ಕೇಳಿದ ಪ್ರಶ್ನೆಯೇ. 2011ರಲ್ಲಿ ಯುವಾನ್‌ಯುವಾನ್ ಝೌ ಮತ್ತು ಸಂಗಡಿಗರು ನಿಜವಾಗಿ ನಡೆದ 546 ಕಾನ್ಫಿಗರೇಶನ್ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ತಪ್ಪಾದಾಗ ಇಂಥ ಸೆಟ್ಟಿಂಗ್ ಸರಿಯಿಲ್ಲ ಎಂದು ಸಾಫ್ಟ್‌ವೇರ್ ಬೆರಳಿಟ್ಟು ತೋರಿಸಿದ್ದು ಶೇ. 7.2ರಿಂದ 15.5ರಷ್ಟು ಪ್ರಕರಣಗಳಲ್ಲಿ ಮಾತ್ರ. ಉಳಿದವುಗಳಲ್ಲಿ ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ.

2013ರಲ್ಲಿ ಅದೇ ಬಳಗದ ಟಿಯಾನ್ಯಿನ್ ಶು ಮತ್ತು ಸಂಗಡಿಗರು ಒಂದು ಪ್ರಬಂಧ ಬರೆದರು. ಅದರ ಹೆಸರೇ, ತಪ್ಪು ಕಾನ್ಫಿಗರೇಶನ್‌ಗೆ ಬಳಕೆದಾರರನ್ನು ದೂರಬೇಡಿ ಎಂದು. ಅವರು ಅಪಾಚೆ, ಮೈಎಸ್‌ಕ್ಯೂಎಲ್ ಮುಂತಾದ ಏಳು ಸಾಫ್ಟ್‌ವೇರ್‌ಗಳಿಗೆ ಬೇಕೆಂದೇ ತಪ್ಪು ಸೆಟ್ಟಿಂಗ್ ಕೊಟ್ಟು ನೋಡಿದರು. ಕೆಲವು ಸದ್ದಿಲ್ಲದೆ ಬಿದ್ದವು. ಕೆಲವು ನಾವು ಬರೆದದ್ದನ್ನು ಹೇಳದೆ ಕೇಳದೆ ಬದಲಿಸಿಕೊಂಡವು. ಒಂದು ಸೆಟ್ಟಿಂಗಿಗೆ ಒಂದು ಅಳತೆ, ಪಕ್ಕದ್ದಕ್ಕೆ ಇನ್ನೊಂದು. ಹೀಗೆ ಸಿಕ್ಕ 743 ದೌರ್ಬಲ್ಯಗಳಲ್ಲಿ 364ನ್ನು ಆ ಸಾಫ್ಟ್‌ವೇರ್ ಬರೆದವರೇ ಒಪ್ಪಿಕೊಂಡರು ಅಥವಾ ಸರಿಪಡಿಸಿದರು. 2015ರ ಅವರ ಇನ್ನೊಂದು ಅಧ್ಯಯನದ ಪ್ರಕಾರ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಸೆಟ್ಟಿಂಗುಗಳನ್ನು ಯಾರೂ ಮುಟ್ಟುವುದೇ ಅಪರೂಪ. ನೂರು ಗುಂಡಿಗಳ ಮಿಕ್ಸಿ ಮಾಡಿಟ್ಟು, ಚಟ್ನಿ ಕೆಟ್ಟರೆ ಅಡುಗೆಯವರನ್ನು ಬೈದಂತಾಯಿತು!

ನೆಟ್‌ವರ್ಕ್ ಲೋಕದ ಕತೆಯೂ ಬೇರೆಯಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ಸರ್ಕಾರ ಯೂಟ್ಯೂಬನ್ನು ತಡೆಯಲು ಹೇಳಿತು. ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬಿನ 256 ವಿಳಾಸಗಳು ತನ್ನ ಬಳಿ ಇವೆ ಎಂದು ರೂಟರಿನಲ್ಲಿ ಬರೆಯಿತು. ಯೂಟ್ಯೂಬ್ ತನ್ನ 1024 ವಿಳಾಸಗಳನ್ನು ಒಂದೇ ಗುಂಪಾಗಿ ಸಾರಿತ್ತು. ಧಾರವಾಡ ಎಂದಷ್ಟೇ ಬರೆದ ಪತ್ರಕ್ಕಿಂತ ಧಾರವಾಡದ ಮಾಳಮಡ್ಡಿ ಎಂದು ಬರೆದದ್ದು ನೇರವಾಗಿ ಹೋಗುತ್ತದಲ್ಲ, ರೂಟರುಗಳೂ ಹಾಗೇ ಹೆಚ್ಚು ನಿಖರವಾದ ವಿಳಾಸವನ್ನೇ ನಂಬುತ್ತವೆ. ದೇಶದೊಳಗೆ ಇರಬೇಕಾದ ಆ ಸುಳ್ಳು ವಿಳಾಸ ಹೊರಗೆ ಸೋರಿತು. ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯೂ ಅದನ್ನು ಪರೀಕ್ಷಿಸದೆ ಲೋಕಕ್ಕೆಲ್ಲ ದಾಟಿಸಿತು. ಸುಮಾರು ಎರಡು ಗಂಟೆ ಯೂಟ್ಯೂಬ್ ಬಹುಪಾಲು ಜಗತ್ತಿಗೆ ಸಿಗಲಿಲ್ಲ. ಬರೆದವನೊಬ್ಬ, ನೋಡದೆ ದಾಟಿಸಿದವನು ಇನ್ನೊಬ್ಬ.

ಇದಕ್ಕೂ ಆರು ವರ್ಷ ಮೊದಲೇ, 2002ರಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ರತುಲ್ ಮಹಾಜನ್ ಮತ್ತು ಸಂಗಡಿಗರು 21 ದಿನ ಇಂಟರ್ನೆಟ್ಟಿನ ಇಂಥ ಸಾರುವಿಕೆಗಳನ್ನು ಗಮನಿಸಿ, ದಿನಕ್ಕೆ 200ರಿಂದ 1200 ವಿಳಾಸ ಗುಂಪುಗಳು ತಪ್ಪು ಕಾನ್ಫಿಗರೇಶನ್‌ಗೆ ಸಿಗುತ್ತವೆ ಎಂದು ತೋರಿಸಿದ್ದರು. ರೂಟರುಗಳ ವಿನ್ಯಾಸ ಸುಧಾರಿಸಿದರೆ ಅನೇಕವನ್ನು ತಡೆಯಬಹುದು ಎಂದೂ ಹೇಳಿದ್ದರು.

ಇದಕ್ಕೆ ಮದ್ದು ಇದೆ. ಕಾನ್ಫಿಗರೇಶನ್ನನ್ನು ಜಾರಿಗೆ ತರುವ ಮೊದಲೇ ಓದಿ ತಪ್ಪು ಹಿಡಿಯುವ ಸಾಧನಗಳನ್ನು ಸಂಶೋಧಕರು ಕಟ್ಟಿದ್ದಾರೆ. 2005ರಲ್ಲಿ ನಿಕ್ ಫೀಮ್‌ಸ್ಟರ್ ಮತ್ತು ಹರಿ ಬಾಲಕೃಷ್ಣನ್ ಅವರ ಸಾಧನ 17 ನೆಟ್‌ವರ್ಕ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ದೋಷಗಳನ್ನು ಹುಡುಕಿತು. 2015ರಲ್ಲಿ ಬಂದ ಬ್ಯಾಟ್‌ಫಿಶ್ ಉಚಿತವಾಗಿ ಸಿಗುತ್ತದೆ. ಆದರೆ ಕಾವಲುಗಾರನನ್ನೂ ಆಗಾಗ ಎಬ್ಬಿಸಿ ನೋಡುತ್ತಿರಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ಸ್ತಬ್ಧವಾದದ್ದು ಒಂದು ತಪ್ಪು ಆಜ್ಞೆಯಿಂದ. ಅದನ್ನು ತಡೆಯಬೇಕಿದ್ದ ಸಾಧನದಲ್ಲೇ ದೋಷವಿತ್ತು ಎಂದು ಕಂಪನಿಯೇ ಹೇಳಿತು. ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲೂ ಪರೀಕ್ಷಿಸುವ ಸಾಧನ ತಪ್ಪು ಫೈಲನ್ನು ಪಾಸು ಮಾಡಿತ್ತು. ಜೊತೆಗೆ ಆ ಫೈಲು ಹಂತಹಂತವಾಗಿ ಹೋಗದೆ ಎಲ್ಲರಿಗೂ ಒಟ್ಟಿಗೇ ಹೋಯಿತು.

ಬ್ಯಾಕಪ್ ಮುಂತಾದ ಆಪತ್ಕಾಲದ ಸೆಟ್ಟಿಂಗುಗಳದ್ದು ಇನ್ನೂ ಕಷ್ಟ. ಕಾರಿನ ಸ್ಟೆಪ್ನಿಯಂತೆ, ಪಂಕ್ಚರ್ ಆಗುವವರೆಗೂ ಅದರಲ್ಲಿ ಗಾಳಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅವನ್ನು ಸಾಫ್ಟ್‌ವೇರ್ ಶುರುವಾಗುವಾಗಲೇ ಪರೀಕ್ಷಿಸಬೇಕೆಂದು 2016ರಲ್ಲಿ ಶು ಬಳಗ ದಾರಿ ತೋರಿಸಿತು.

ಈ ಪತ್ರಿಕೆ ಓದುವ ನಮ್ಮಲ್ಲಿ ಬಹಳಷ್ಟು ಮಂದಿ ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಇದೇ ಕೆಲಸದಲ್ಲಿದ್ದೇವೆ. ಕೆಲವರು ಇಂಥ ವರದಿಗಳಿಗೆ ಸಹಿ ಹಾಕುವ ಮಟ್ಟಕ್ಕೂ ಬಂದಿದ್ದೇವೆ. ಮುಂದಿನ ಸಲ 'ಹ್ಯೂಮನ್ ಎರರ್' ಎಂಬ ಸಾಲು ಕಂಡಾಗ ಮೂರು ಪ್ರಶ್ನೆ ಕೇಳೋಣ. ತಪ್ಪು ಬರೆದಾಗ ಸಾಫ್ಟ್‌ವೇರ್ ಹೇಳಿತೇ? ಜಾರಿಗೆ ಮೊದಲು ಯಾರಾದರೂ, ಏನಾದರೂ ಪರೀಕ್ಷಿಸಿತೇ? ಮೊದಲು ನಾಲ್ಕೇ ಯಂತ್ರಗಳಲ್ಲಿ ಹಾಕಿ ನೋಡಿದ್ದರೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ವರದಿಗೆ ಸಹಿ ಹಾಕಬೇಡಿ. ರಾತ್ರಿ ಪಾಳಿಯ ಹುಡುಗನನ್ನು ಕಳಿಸಿದರೂ ಆ ಸೆಟ್ಟಿಂಗ್ ಅಲ್ಲೇ ಇರುತ್ತದೆ, ಮುಂದೆ ಬರುವವನಿಗೆ ಕಾಯುತ್ತಾ.