ಸೌಂಡ್‌ಬಾರ್ ಮೌನವ್ರತ ಹಿಡಿದಾಗ

ಪರೇಲಿನ ನಮ್ಮ ಕಟ್ಟಡದಲ್ಲಿ ಟಿವಿ, ರೂಟರ್, ಸೆಟ್‌ಟಾಪ್ ಬಾಕ್ಸ್ ಯಾವುದು ಕೈಕೊಟ್ಟರೂ ಮೊದಲ ಕರೆ ನನಗೇ. ನಾನು ಇಂಜಿನಿಯರ್ ಅಲ್ಲ. ಯಂತ್ರದ ಜೊತೆ ಬರುವ ಪುಸ್ತಕ ಓದುವ ಚಟವಿದೆ, ಅಷ್ಟೇ. ಈಚೆಗೆ ಬರುವ ದೂರುಗಳಲ್ಲಿ ಹೆಚ್ಚಿನವು ಸೌಂಡ್‌ಬಾರಿನವು.

ಇದು ಬರೀ ಶೋಕಿಯ ವಸ್ತು ಅನ್ನಬೇಡಿ. ತೆಳ್ಳನೆಯ ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ ಎಲ್ಲ ಕಲಸಿಹೋಗುತ್ತವೆ. ನನ್ನ ತಾಯಿಗೆ 78. ಹಗಲೆಲ್ಲ ಅವರ ಕಿವಿಗೆ ಬೀಳುವ ಕನ್ನಡ ಟಿವಿಯದು, ಯೂಟ್ಯೂಬಿನ ಯಕ್ಷಗಾನದ್ದು. ಬಾರ್ ಸುಮ್ಮನಾದರೆ ಅವರಿಗೆ ಚಿತ್ರ ಮಾತ್ರ ಉಳಿಯುತ್ತದೆ.

ರಿಪೇರಿಯವನನ್ನು ಕರೆಯುವ ಮೊದಲು ಸದ್ದು ಎಲ್ಲಿ ನಿಂತಿದೆ ಎಂದು ಹುಡುಕಿ. ಫೋನಿನಿಂದ ಬ್ಲೂಟೂತ್ ಮೂಲಕ ಒಂದು ಹಾಡು ಹಾಕಿ ನೋಡಿ. ಹಾಡು ಬಂದರೆ ಬಾರ್ ಜೀವಂತವಾಗಿದೆ. ದೋಷ ಟಿವಿಯ ಸೆಟ್ಟಿಂಗಿನಲ್ಲೋ ಕೇಬಲ್ಲಿನಲ್ಲೋ ಇದೆ. ನಾನು ನೋಡಿದ ಬಹುಪಾಲು ಪ್ರಕರಣ ಇಲ್ಲೇ ಮುಗಿದಿವೆ.

ಎಚ್‌ಡಿಎಂಐ ಕೇಬಲ್ ಆದರೆ, ಟಿವಿಯ ಕಡೆ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದು ಬರೆದ ತೂತಿನಲ್ಲೇ ಇರಬೇಕು. ಬೇರೆ ತೂತುಗಳಲ್ಲಿ ಸದ್ದು ಟಿವಿಯಿಂದ ಹೊರಗೆ ಬರುವುದಿಲ್ಲ. ಎರಡು ಪೋರ್ಟ್ ಇರುವ ಬಾರಿನಲ್ಲಿ ಅದು 'ಔಟ್' ಎಂದಿರುವ ಕಡೆ ಹೋಗಬೇಕು. ಸದ್ದು ಒಳಗೆ ಬರುವ ಬಾಗಿಲಿಗೆ 'ಔಟ್' ಎಂದು ಹೆಸರಿಟ್ಟವರ ಬುದ್ಧಿಗೆ ಏನೆನ್ನೋಣ! ಆಮೇಲೆ ಟಿವಿಯಲ್ಲಿ ಸಿಇಸಿ ಚಾಲೂ ಇದೆಯೇ ನೋಡಿ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಕೆಲಸ ಒಂದೇ, ನಾಮಕರಣ ಮೂರು.

ಕರೆಂಟ್ ಹೋಗಿ ಬಂದ ಮೇಲೆ ಸದ್ದಿಲ್ಲವೇ? ಟಿವಿ ಮತ್ತು ಬಾರ್ ಪರಸ್ಪರ ಗುರುತು ಹಿಡಿಯುವಲ್ಲಿ ಎಡವಿರಬಹುದು. ರಿಮೋಟಿನಿಂದ ಆರಿಸಿದರೆ ಸಾಲದು. ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಆಗಲೂ ಮೌನವೇ ಆದರೆ ಟಿವಿಯ ಡಿಜಿಟಲ್ ಆಡಿಯೋವನ್ನು 'ಪಿಸಿಎಂ'ಗೆ ಬದಲಿಸಿ. ಟಿವಿ ಕಳಿಸುವ ಕೆಲವು ಡಾಲ್ಬಿ, ಡಿಟಿಎಸ್ ರೂಪಗಳು ಎಲ್ಲ ಬಾರ್‌ಗಳಿಗೂ ಅರ್ಥವಾಗುವುದಿಲ್ಲ.

ಆಪ್ಟಿಕಲ್ ಕೇಬಲ್ಲಿಗೆ ಸುಲಭ ಪರೀಕ್ಷೆಯಿದೆ. ಬಾರ್ ಕಡೆಯ ತುದಿ ಬಿಚ್ಚಿ ಅಂಗೈ ಮುಂದೆ ಹಿಡಿಯಿರಿ. ಕೆಂಪು ಬೆಳಕು ಕಂಡರೆ ಟಿವಿ ಬೆಳಕು ಕಳಿಸುತ್ತಿದೆ, ಕೇಬಲ್ ತುಂಡಾಗಿಲ್ಲ ಎಂದರ್ಥ. ಹೊಸ ಕೇಬಲ್ಲಿನ ತುದಿಗಳಲ್ಲಿ ಚಿಕ್ಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದನ್ನು ತೆಗೆಯಬೇಕು. ಈ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಸದ್ದು ಮಾತ್ರ ಹೋಗುತ್ತದೆ, ವಾಲ್ಯೂಮಿನ ಆಜ್ಞೆ ಹೋಗುವುದಿಲ್ಲ. ಟಿವಿ ರಿಮೋಟ್ ಕೇಳುತ್ತಿಲ್ಲವೆಂದು ಬಾರನ್ನು ಬೈಯಬೇಡಿ.

ಚಾಳುಗಳ ಕಥೆ ಬೇರೆ. ನಮ್ಮಲ್ಲಿ ಒಂದು ಮನೆಯ ಬಾರಿನಲ್ಲಿ ಧಾರಾವಾಹಿಯ ನಡುವೆ ಇದ್ದಕ್ಕಿದ್ದಂತೆ ಮರಾಠಿ ಲಾವಣಿ ಶುರುವಾಯಿತು. ಭೂತವಲ್ಲ, ಪಕ್ಕದ ಮನೆಯ ಹುಡುಗನ ಫೋನು. ಹಿಂದೊಮ್ಮೆ ಜೋಡಿಸಿದ್ದು ತಾನಾಗಿಯೇ ಅಂಟಿಕೊಂಡಿತ್ತು. ಬಾರಿನ ಬ್ಲೂಟೂತ್ ಪಟ್ಟಿ ಅಳಿಸಿದೆವು, ಲಾವಣಿ ನಿಂತಿತು. ಬ್ಲೂಟೂತೂ ಹಲವು ವೈಫೈಗಳೂ ಓಡುವುದು 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ. ಹತ್ತು ಮನೆಗಳ ರೂಟರ್ ಒಂದೇ ಗೋಡೆಗೆ ಆತುಕೊಂಡಿರುವಾಗ ಸದ್ದು ತುಂಡಾಗುವುದು ಸಹಜ. ಟಿವಿಗೆ ತಂತಿಯೇ ವಾಸಿ.

ಪರದೆಯ ಮೇಲಿನ ಕೋಡುಗಳಿಗೆ ಎಲ್ಲರಿಗೂ ಒಂದೇ ನಿಘಂಟು ಇಲ್ಲ. ನಿಮ್ಮ ಮಾಡೆಲ್ ನಂಬರಿನ ಪುಸ್ತಕವನ್ನೇ ನೋಡಿ. ಸೋನಿಯಲ್ಲಿ 'ಪ್ರೊಟೆಕ್ಟ್' ಎಂದು ಬಂದರೆ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಪ್ಲಗ್ ಕೀಳಿ, ಗಾಳಿಯ ಕಿಂಡಿ ಮುಚ್ಚಿದೆಯೇ ನೋಡಿ. ಮತ್ತೆ ಬಂದರೆ, ಅಥವಾ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು, ಸ್ಕ್ರೂಡ್ರೈವರ್ ಹಿಡಿಯಬೇಡಿ. ಸರ್ವಿಸಿನವರು ಬಂದಾಗ ಮೊದಲು ಕೇಳುವುದು ಬಿಲ್ಲು. ಅದರ ಅಕ್ಷರ ಮಾಸುವ ಮೊದಲೇ ಫೋಟೋ ತೆಗೆದಿಡಿ, ಬಾರಿನ ಬೆನ್ನಿನ ಸೀರಿಯಲ್ ನಂಬರಿನ ಜೊತೆಗೆ.