ಓಯಸಿಸ್ ಟಿಕೆಟ್: 135 ಪೌಂಡ್ ಕ್ಯೂನಲ್ಲೇ 355 ಆಗಿದ್ದು ಹೇಗೆ?

2024ರ ಆಗಸ್ಟ್ 31ರ ಬೆಳಿಗ್ಗೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಲಕ್ಷಾಂತರ ಜನ ಮೊಬೈಲು, ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಒಂದೇ ಕೆಲಸ ಮಾಡ್ತಿದ್ರು: ಕಾಯೋದು. ಮ್ಯಾಂಚೆಸ್ಟರಿನ ರಾಕ್ ಬ್ಯಾಂಡ್ ಓಯಸಿಸ್ 2009ರಲ್ಲಿ ಪ್ಯಾರಿಸ್‌ನಲ್ಲಿ ಜಗಳ ಮಾಡಿಕೊಂಡು ಒಡೆದುಹೋಗಿತ್ತು. ಹದಿನೈದು ವರ್ಷ ಆದ ಮೇಲೆ ಅಣ್ಣ ನೋಯೆಲ್ ಗ್ಯಾಲಗರ್, ತಮ್ಮ ಲಿಯಮ್ ಮತ್ತೆ ಒಂದೇ ವೇದಿಕೆ ಹತ್ತುತ್ತೇವೆ ಅಂತ ಘೋಷಿಸಿದ್ದರು. 2025ರ ಬೇಸಿಗೆಯಲ್ಲಿ ಕಾರ್ಡಿಫ್, ಮ್ಯಾಂಚೆಸ್ಟರ್, ಲಂಡನ್, ಎಡಿನ್‌ಬರೋ, ಡಬ್ಲಿನ್‌ನಲ್ಲಿ ಕಾರ್ಯಕ್ರಮ. ಆಯೋಜಕರ ಪ್ರಕಾರ 158 ದೇಶಗಳ ಒಂದು ಕೋಟಿಗೂ ಹೆಚ್ಚು ಜನ ಟಿಕೆಟ್‌ಗೆ ಪ್ರಯತ್ನಿಸಿದರು. ಟಿಕೆಟ್‌ಮಾಸ್ಟರ್ ಮಾರಿದ್ದು 9 ಲಕ್ಷ ಚಿಲ್ಲರೆ.

ಸಿಟ್ಟು ಬಂದಿದ್ದು ಟಿಕೆಟ್ ಸಿಗಲಿಲ್ಲ ಅಂತಷ್ಟೇ ಅಲ್ಲ. ಶುಲ್ಕ ಬಿಟ್ಟು 135 ಪೌಂಡ್ ಇದ್ದ ನಿಂತು ನೋಡುವ ಟಿಕೆಟ್, ಗಂಟೆಗಟ್ಟಲೆ ಕಾದು ಪುಟ ತೆರೆದವರಿಗೆ 355 ಪೌಂಡ್ ತೋರಿಸಿತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 39 ಸಾವಿರ ರೂಪಾಯಿ. ಅದೇ ಮೈದಾನ, ಅದೇ ಕಾಲು ನೋವು. ಕೊಳ್ಳೋದೋ ಬಿಡೋದೋ ತೀರ್ಮಾನಿಸೋಕೆ ಕೆಲವೇ ನಿಮಿಷ. ಮನೆಯವರನ್ನು ಕೇಳೋಣ ಅನ್ನೋಷ್ಟರಲ್ಲಿ ಟೈಮರ್ ಓಡ್ತಿರುತ್ತೆ.

ಎಲ್ಲರೂ ಇದನ್ನು 'ಡೈನಮಿಕ್ ಪ್ರೈಸಿಂಗ್' ಅಂದರು. ಮಳೆ ಬಂದಾಗ ಕ್ಯಾಬ್ ಆಪ್ ದರ ಏರಿಸುತ್ತಲ್ಲ, ಅದೇ ತರ ಬೇಡಿಕೆ ನೋಡಿ ಅಲ್ಗಾರಿದಮ್ ಕ್ಷಣಕ್ಷಣಕ್ಕೂ ಬೆಲೆ ಬದಲಿಸುವುದು. ವಿಷಯ ಸಂಸತ್ತಿನವರೆಗೂ ಹೋಯಿತು. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ (ಸಿಎಂಎ) ಸೆಪ್ಟೆಂಬರ್‌ನಲ್ಲೇ ಟಿಕೆಟ್‌ಮಾಸ್ಟರ್ ಕಂಪನಿಯ ಮೇಲೆ ತನಿಖೆ ಶುರು ಮಾಡಿತು.

ತನಿಖೆಯಲ್ಲಿ ಹೊರಬಿದ್ದದ್ದು ಬೇರೆಯೇ. ಕ್ಷಣಕ್ಷಣಕ್ಕೂ ಬೆಲೆ ಏರಿಸುವ ಅಲ್ಗಾರಿದಮ್ ಬಳಸಿದ್ದಕ್ಕೆ ಪುರಾವೆ ಸಿಗಲಿಲ್ಲ. ನಡೆದದ್ದು ಅದಕ್ಕಿಂತ ಸರಳ, ಹಳೇ ಕಾಲದ ಅಂಗಡಿ ಬುದ್ಧಿ. ನಿಂತು ನೋಡುವ ಟಿಕೆಟ್‌ಗೆ ಮೊದಲೇ ಎರಡು ದರ ನಿಗದಿಯಾಗಿತ್ತು. ಕಡಿಮೆ ದರದ್ದು ಮೊದಲು ಬಿಟ್ಟರು, ಅದು ಖಾಲಿಯಾದ ಮೇಲೆ ದುಬಾರಿಯದ್ದು ಬಂತು. ಹೀಗೆ ಎರಡು ದರ ಇದೆ ಅನ್ನೋದನ್ನು ಕ್ಯೂನಲ್ಲಿ ಇದ್ದವರಿಗೆ ಹೇಳಲಿಲ್ಲ. ಇನ್ನೊಂದು, ಕೆಲವು ಸೀಟುಗಳಿಗೆ 'ಪ್ಲಾಟಿನಂ' ಅಂತ ಹೆಸರಿಟ್ಟು ಸಾಮಾನ್ಯ ಟಿಕೆಟ್‌ನ ಸುಮಾರು ಎರಡೂವರೆ ಪಟ್ಟು ಬೆಲೆಗೆ ಮಾರಿದ್ದರು. ಪ್ಲಾಟಿನಂ ಅಂದರೆ ಒಳ್ಳೆ ಸೀಟೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಎಷ್ಟೋ ಕಡೆ ಅವು ಕ್ರೀಡಾಂಗಣದ ಅದೇ ಭಾಗದ ಸೀಟುಗಳೇ, ಹೆಚ್ಚುವರಿ ಸೌಲಭ್ಯವೂ ಇರಲಿಲ್ಲ ಅನ್ನೋದು ಸಿಎಂಎ ಆಕ್ಷೇಪ.

ಈ ವ್ಯತ್ಯಾಸ ಯಾಕೆ ಮುಖ್ಯ? 'ಅಲ್ಗಾರಿದಮ್ ಮಾಡಿತು' ಅಂದಾಗ ಯಾರೂ ಹೊಣೆಯಲ್ಲ ಅನ್ನುವ ಹಾಗೆ ಕೇಳಿಸುತ್ತೆ. ಎರಡು ದರವನ್ನು ಮೊದಲೇ ನಿಗದಿ ಮಾಡೋದು ಮಾತ್ರ ಕೋಣೆಯಲ್ಲಿ ಕೂತ ಮನುಷ್ಯರ ತೀರ್ಮಾನ. ಟಿಕೆಟ್ ದರದ ತೀರ್ಮಾನಗಳನ್ನು ಆಯೋಜಕರಿಗೂ ಮ್ಯಾನೇಜ್‌ಮೆಂಟ್‌ಗೂ ಬಿಟ್ಟಿದ್ದೆವು, ಡೈನಮಿಕ್ ಪ್ರೈಸಿಂಗ್ ಬಳಸ್ತಾರೆ ಅಂತ ನಮಗೆ ಗೊತ್ತಿರಲಿಲ್ಲ ಅಂತ ಬ್ಯಾಂಡ್ ಹೇಳಿಕೆ ಕೊಟ್ಟಿತು. ಉತ್ತರ ಅಮೆರಿಕದ ಕಾರ್ಯಕ್ರಮಗಳಿಗೆ ಅದು ಬೇಡ ಅಂತಲೂ ಹೇಳಿತು. ಸರಿ, ಅಂದರೆ ಕಲಾವಿದರು ಬೇಡ ಅಂದರೆ ನಿಲ್ಲಿಸಬಹುದು ಅಂತಾಯ್ತಲ್ಲ! ದಿ ಕ್ಯೂರ್ ಬ್ಯಾಂಡಿನ ರಾಬರ್ಟ್ ಸ್ಮಿತ್ 2023ರಲ್ಲೇ ಅದನ್ನು ಮಾಡಿ ತೋರಿಸಿದ್ದರು. ಅಮೆರಿಕ ಪ್ರವಾಸಕ್ಕೆ ಡೈನಮಿಕ್ ದರ ಬೇಡ ಅಂದಿದ್ದಲ್ಲದೆ, ವಿಪರೀತ ಶುಲ್ಕದ ವಿರುದ್ಧ ಬಹಿರಂಗವಾಗಿ ಜಗಳಕ್ಕೆ ನಿಂತು, ಟಿಕೆಟ್‌ಮಾಸ್ಟರ್ ಅಭಿಮಾನಿಗಳಿಗೆ ಒಂದಷ್ಟು ಶುಲ್ಕ ವಾಪಸ್ ಕೊಡುವಂತೆ ಮಾಡಿದರು. ಮೊತ್ತ ಟಿಕೆಟ್‌ಗೆ ಐದೋ ಹತ್ತೋ ಡಾಲರ್, ಆದರೂ ವಾಪಸ್ ಬಂತು.

ಎಲ್ಲರೂ ರಾಬರ್ಟ್ ಸ್ಮಿತ್ ಆಗೋಕೆ ಆಗಲ್ಲ, ಯಾಕಂದ್ರೆ ಮಾರುಕಟ್ಟೆಯೇ ಹಾಗಿದೆ. 2010ರಲ್ಲಿ ಟಿಕೆಟ್‌ಮಾಸ್ಟರ್, ಜಗತ್ತಿನ ದೊಡ್ಡ ಕಾರ್ಯಕ್ರಮ ಆಯೋಜಕ ಕಂಪನಿ ಲೈವ್ ನೇಷನ್ ಜೊತೆ ವಿಲೀನವಾಯಿತು. ಈಗ ಒಂದೇ ಗುಂಪು ಕಾರ್ಯಕ್ರಮ ಆಯೋಜಿಸುತ್ತೆ, ಸಭಾಂಗಣಗಳನ್ನು ನಡೆಸುತ್ತೆ, ಕಲಾವಿದರ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತೆ, ಟಿಕೆಟ್ಟೂ ಮಾರುತ್ತೆ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನು ಏಕಸ್ವಾಮ್ಯ ಅಂತ ಕರೆದು, ಹಲವು ರಾಜ್ಯಗಳ ಜೊತೆ ಸೇರಿ ಕೋರ್ಟಿಗೆ ಹೋಯಿತು.

ಇಲ್ಲಿ ಓಯಸಿಸ್ಸಿನ ವರ್ಗದ ಕಥೆಯೂ ಇದೆ. ಗ್ಯಾಲಗರ್ ಸಹೋದರರು ಐರಿಷ್ ವಲಸಿಗ ದಂಪತಿಯ ಮಕ್ಕಳು, ಮ್ಯಾಂಚೆಸ್ಟರಿನ ಬರ್ನೇಜ್‌ನಲ್ಲಿ ಸರ್ಕಾರಿ ಬಾಡಿಗೆ ಮನೆಯಲ್ಲಿ ಬೆಳೆದವರು. 1996ರ ಆಗಸ್ಟ್‌ನಲ್ಲಿ ನೆಬ್‌ವರ್ತ್‌ನ ಎರಡು ರಾತ್ರಿಗಳಿಗೆ ಎರಡೂವರೆ ಲಕ್ಷ ಜನ ಸೇರಿದ್ದರು. ಆಗ ಟಿಕೆಟ್ 22.50 ಪೌಂಡ್. ಹಣದುಬ್ಬರ ಸೇರಿಸಿದರೂ ಇವತ್ತಿಗೆ 50 ಪೌಂಡ್ ಆಸುಪಾಸು ಆಗಬೇಕಿತ್ತು. ಇನ್ನು, ಇವರನ್ನು ಅಲನ್ ಮೆಗೀ 1993ರಲ್ಲಿ ಕಂಡುಹಿಡಿದದ್ದು ಗ್ಲಾಸ್ಗೋದ ಕಿಂಗ್ ಟಟ್ಸ್ ಅನ್ನೋ ಪುಟ್ಟ ಜಾಗದಲ್ಲಿ. ಅಂಥ ಜಾಗಗಳ ಕಥೆ ಏನು? ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕದಲ್ಲಿ 2023 ಒಂದೇ ವರ್ಷ ಬ್ರಿಟನ್ನಿನಲ್ಲಿ 125 ಸಣ್ಣ ಸ್ಥಳಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಕ್ರೀಡಾಂಗಣದ ಪ್ರತಿ ಟಿಕೆಟ್‌ನಿಂದ ಒಂದಿಷ್ಟು ಹಣ ಇವುಗಳಿಗೆ ಹೋಗಲಿ ಅಂತ ಸಂಸದೀಯ ಸಮಿತಿ 2024ರಲ್ಲೇ ಶಿಫಾರಸು ಮಾಡಿದೆ.

ಕೊನೆಗೆ ಏನಾಯ್ತು? 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಪ್ರವಾಸ ಶುರುವಾಯಿತು, ಬಂದವರು ಕುಣಿದರು, ಅತ್ತರು. ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಮಾಸ್ಟರ್ ಸಿಎಂಎಗೆ ಮುಚ್ಚಳಿಕೆ ಬರೆದುಕೊಟ್ಟಿತು: ಹಂತಹಂತದ ದರ ಇದ್ದರೆ 24 ಗಂಟೆ ಮೊದಲೇ ತಿಳಿಸುತ್ತೇವೆ, ಕ್ಯೂನಲ್ಲಿ ಇರುವವರಿಗೆ ದರದ ಮಾಹಿತಿ ಕೊಡುತ್ತೇವೆ, ದಾರಿ ತಪ್ಪಿಸುವ ಹೆಸರು ಇಡಲ್ಲ. ದಂಡ ಇಲ್ಲ. ಗ್ರಾಹಕ ಕಾನೂನು ಮುರಿದರೆ ನೇರವಾಗಿ ದಂಡ ಹಾಕುವ ಅಧಿಕಾರ ಸಿಎಂಎಗೆ ಸಿಕ್ಕಿದ್ದೇ 2025ರ ಏಪ್ರಿಲ್‌ನಲ್ಲಿ, ಈ ಮಾರಾಟ ಅದಕ್ಕೆ ಮುಂಚಿನದು.

ಗಮನಿಸಿ, ಇದು ಬೆಲೆಗೆ ಹಾಕಿದ ಮಿತಿಯಲ್ಲ, ಬೆಲೆಯನ್ನು ಮೊದಲೇ ಹೇಳಬೇಕು ಅನ್ನುವ ನಿಯಮ ಅಷ್ಟೇ. ಕರ್ನಾಟಕ ಅದೇ ತಿಂಗಳು ಇನ್ನೊಂದು ದಾರಿ ಹಿಡಿದು ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬ್ರಿಟನ್ ಸರ್ಕಾರವೂ ನವೆಂಬರ್‌ನಲ್ಲಿ ಮಿತಿಯ ಮಾತಾಡಿತು: ಟಿಕೆಟ್ಟನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡೋದನ್ನು ಕಾನೂನುಬಾಹಿರ ಮಾಡ್ತೀವಿ ಅಂತ. ಅದು ಅನ್ವಯಿಸೋದು ಬ್ಲ್ಯಾಕ್‌ನಲ್ಲಿ ಮಾರುವವರಿಗೆ. ಮೊದಲ ದಿನವೇ 355 ಪೌಂಡ್ ಕೇಳಿದ ಅಧಿಕೃತ ಕೌಂಟರಿಗಲ್ಲ.